ಟೇಷನ್ ಪಕ್ಕದ ಮನೆ

ನಮ್ಮ ಭಾವ ಮಂಟಯ್ಯನವರು ಹುಟ್ಟಿದಾಗಿನಿಂದ ಇವತ್ತಿನವರೆಗೆ ಒಂದು ಸಲವೂ ರೈಲು ಹತ್ತಿದವರಲ್ಲ. ಅದು ತಪ್ಪೇನೂ ಅಲ್ಲ. ಸರಗೂರಿನ ಕಡೆಯವರು ರೈಲು ಹತ್ತಬೇಕಾದರೆ ಮೊದಲು ಬಸ್ಸು ಹತ್ತಿ ಮೈಸೂರಿಗೋ ನಂಜನಗೂಡಿಗೋ ಹೋಗಬೇಕು. ಬಸ್ಸೇ ಹತ್ತಿದ ಮೇಲೆ ಮತ್ತೆ ರೈಲು ಯಾಕೆ ಎಂದು ಅವರು ಕೇಳಿದರೆ ಉತ್ತರ ಹೇಳುವುದು ಕಷ್ಟ. ತಪ್ಪು ಯಾವುದೆಂದರೆ, ದಿನಾ ರೈಲು ಹತ್ತಿ ಕೆಲಸಕ್ಕೆ ಹೋಗಬೇಕಾದ ಸೊಸೆಗೆ ಮೈಸೂರಿನಲ್ಲಿ ಮನೆ ಹುಡುಕುವ ಹೊಣೆಯನ್ನು ಅವರೇ ಹೊತ್ತುಕೊಂಡಿದ್ದು. ಹೊತ್ತುಕೊಂಡಿದ್ದೇನು, ಬೇರೆ ಯಾರೂ ಮುಟ್ಟದ ಹಾಗೆ ತಬ್ಬಿಕೊಂಡಿದ್ದು.

ಆ ಸೊಸೆ ಬೇರೆ ಯಾರೂ ಅಲ್ಲ, ನನ್ನ ಮಗಳು ರಾಧಾ. ನನ್ನ ಅಕ್ಕ ಸೋಮಮ್ಮನನ್ನು ಮಂಟಯ್ಯನವರಿಗೆ ಕೊಟ್ಟಿತ್ತು. ಅವರ ಮಗ ಕನಕರಾಜುವಿಗೆ ನಾನು ನನ್ನ ಮಗಳನ್ನು ಕೊಟ್ಟೆ. ಹೀಗಾಗಿ ನನಗೆ ಭಾವನೂ ಅವರೇ, ಬೀಗರೂ ಅವರೇ. ಒಬ್ಬನೇ ಮನುಷ್ಯನಿಗೆ ಎರಡು ಕಡೆಯಿಂದ ಮರ್ಯಾದೆ ಕೊಡಬೇಕಾದ ಕಷ್ಟ ಅನುಭವಿಸಿದವರಿಗೇ ಗೊತ್ತು. ಹೆಣ್ಣು ಕೊಟ್ಟವನು ಎಂಬ ಕಾರಣಕ್ಕೆ ನಾನು ಎರಡು ಸಲ ಬಾಯಿ ಮುಚ್ಚಿಕೊಳ್ಳಬೇಕು, ಭಾಮೈದ ಎಂಬ ಕಾರಣಕ್ಕೆ ಒಂದು ಸಲ ಬಾಯಿ ಬಿಡಬಹುದು. ಆ ಒಂದು ಸಲವನ್ನು ಈಗ ಬಳಸಿಕೊಳ್ಳುತ್ತಿದ್ದೇನೆ.

ಭಾವನವರಿಗೆ ಸುತ್ತಲ ಹಳ್ಳಿಗಳಲ್ಲಿ ಒಂದು ಹೆಸರಿದೆ. ದನ ನೋಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸಂತೆಯಲ್ಲಿ ಯಾರಾದರೂ ಎತ್ತು ಕೊಳ್ಳಬೇಕಾದರೆ ಭಾವನವರು ಬರಬೇಕು, ಬಾಯಿ ಬಿಡಿಸಿ ಹಲ್ಲು ನೋಡಬೇಕು, ಸುಳಿ ಎಲ್ಲಿದೆ ಎಂದು ಹುಡುಕಬೇಕು, ಬೆನ್ನಿಗೆ ಒಂದು ತಟ್ಟಿ 'ಆಯ್ತದೆ, ಒಡ್ಕೊಂಡೋಗು' ಎನ್ನಬೇಕು. ಅವರು ದನ ನೋಡಿಕೊಂಡೇ ಇದ್ದಿದ್ದರೆ ಎಲ್ಲರಿಗೂ ಕ್ಷೇಮವಾಗಿತ್ತು. ಅದೇ ವಿದ್ಯೆಯಲ್ಲಿ ಅವರು ನೆಂಟರಿಷ್ಟರಿಗೆ ಗಂಡು ನೋಡಿದರು, ಟ್ರ್ಯಾಕ್ಟರ್ ನೋಡಿದರು, ಪಂಚಾಯ್ತಿ ಚುನಾವಣೆಗೆ ನಿಲ್ಲುವವರನ್ನು ನೋಡಿದರು. ಅದರಲ್ಲಿ ಟ್ರ್ಯಾಕ್ಟರ್ ಒಂದೇ ಇವತ್ತಿಗೂ ಸರಿಯಾಗಿ ಓಡುತ್ತಿರುವುದು.

ರಾಧಾ ಬಿ.ಇಡಿ. ಮಾಡಿದವಳು. ಮದುವೆಯಾಗಿ, ಪೂಜಾ ಹುಟ್ಟಿ, ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಓದಿ ಪರೀಕ್ಷೆ ಬರೆದಳು. ಸರ್ಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಜಾಗ ತೋರಿಸಿದ್ದು ಕೆ.ಆರ್.ನಗರ. ಕನಕರಾಜು ಮೈಸೂರಿನ ಕಾರ್ಖಾನೆಯೊಂದರಲ್ಲಿ ಪಾಳಿ ಮೇಲೆ ದುಡಿಯುತ್ತ, ಗೆಳೆಯರ ಜತೆ ರೂಮಿನಲ್ಲಿದ್ದು ಭಾನುವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಮೈಸೂರಿನಲ್ಲಿ ಮನೆ ಮಾಡುವುದು, ಗಂಡ ಕಾರ್ಖಾನೆಗೆ ಹೋಗುವುದು, ಹೆಂಡತಿ ರೈಲಿನಲ್ಲಿ ಶಾಲೆಗೆ ಹೋಗಿ ಬರುವುದು, ಕೂಸನ್ನು ನೋಡಿಕೊಳ್ಳಲು ಅಕ್ಕ ಅವರ ಜತೆ ಇರುವುದು ಎಂದು ತೀರ್ಮಾನವಾಯಿತು. ಭಾವನವರು ಹೊಲ, ದನ ನೋಡಿಕೊಂಡು ಊರಲ್ಲೇ ಇದ್ದು, ವಾರಕ್ಕೊಮ್ಮೆ ಬಂದು ಎಲ್ಲರನ್ನೂ ತಿದ್ದುವುದು.

ಮೈಸೂರಿನಿಂದ ಕೆ.ಆರ್.ನಗರಕ್ಕೆ ಗಳಿಗೆಗೊಂದು ಬಸ್ಸಿದೆಯಲ್ಲ, ರೈಲೇ ಯಾಕೆ ಎಂದು ನೀವು ಕೇಳಬಹುದು. ಹುಣಸೂರು ಡಿಪೋದಲ್ಲಿ ಕಂಡಕ್ಟರಾಗಿದ್ದು ನಿವೃತ್ತನಾದ ನಾನೂ ಅದನ್ನೇ ಕೇಳಿದೆ. ಆದರೆ ನನ್ನ ಮಗಳಿಗೆ ಬಸ್ಸು ಆಗಿಬರುವುದಿಲ್ಲ. ಹುಣಸೂರು ಬಿಟ್ಟು ಬಿಳಿಕೆರೆ ದಾಟುವಷ್ಟರಲ್ಲಿ ಕಿಟಕಿಗೆ ತಲೆ ಕೊಡುತ್ತಾಳೆ. ನಿಂಬೆಹಣ್ಣು, ಶುಂಠಿ, ಮಾತ್ರೆ ಎಲ್ಲ ಆಯಿತು. ಬಸ್ಸಿನಲ್ಲಿ ಅನ್ನ ಸಂಪಾದಿಸಿದವನ ಮಗಳು ಬಸ್ಸಿನಲ್ಲೇ ಅನ್ನ ಕಾರಿಕೊಳ್ಳುವುದನ್ನು ನೋಡಿ ನಮ್ಮ ಡಿಪೋದವರು ನಗುತ್ತಿದ್ದರು. ರೈಲಿನಲ್ಲಿ ಮಾತ್ರ ಅವಳಿಗೆ ಏನೂ ಆಗುವುದಿಲ್ಲ. ಕೆಲಸವೋ ಇನ್ನೂ ಖಾಯಂ ಆಗಿಲ್ಲ, ಪ್ರೊಬೇಷನ್. ಬೆಳಗಿನ ರೈಲು ಸಿಕ್ಕಿದರೆ ಶಾಲೆಯ ಪ್ರಾರ್ಥನೆಗೆ ಸರಿಯಾಗಿ ತಲುಪುತ್ತಾಳೆ, ಕೆಲಸ ಉಳಿಯುತ್ತದೆ. ತಪ್ಪುತ್ತಾ ಹೋದರೆ ಅಷ್ಟು ಕಷ್ಟಪಟ್ಟು ಪಡೆದದ್ದು ಹೋಗುತ್ತದೆ. ವಿಷಯ ಇಷ್ಟೇ.

ಇಷ್ಟನ್ನು ಅವಳು ಒಂದೇ ಮಾತಿನಲ್ಲಿ ಹೇಳಿದ್ದಳು. ಜಗಲಿಯ ಮೇಲೆ ನಾವು ಗಂಡಸರು ಕೂತು ಮೈಸೂರಿನ ಯಾವ ಬಡಾವಣೆ ಚೆನ್ನ ಎಂದು ಚರ್ಚಿಸುತ್ತಿದ್ದಾಗ ಅಡುಗೆಮನೆಯ ಬಾಗಿಲಿನಿಂದ ತಲೆ ಹಾಕಿ, "ಮಾವ, ಮನೆ ಹೆಂಗಿದ್ರೂ ಪರ್ವಾಗಿಲ್ಲ. ಸ್ಟೇಷನ್‌ಗೆ ನಡ್ಕೊಂಡು ಹೋಗೋ ಹಂಗಿದ್ರೆ ಸಾಕು" ಎಂದಳು.

ಭಾವನವರು ತಿರುಗಿ ನೋಡಿದರು. ಬಹಳ ಗಂಭೀರವಾಗಿ, "ಆಯ್ತು ಬುಡವ್ವ, ನಾನಿವ್ನಿ" ಎಂದರು. ಆಮೇಲೆ ಅವಳನ್ನು ಯಾರೂ ಇನ್ನೇನೂ ಕೇಳಲಿಲ್ಲ.

ಮೈಸೂರಿನಲ್ಲಿ ನಮಗೆ ಮನೆ ತೋರಿಸಲು ಸಿಕ್ಕಿದವನು ಶಂಕರ್ ಎಂಬ ಬ್ರೋಕರ್. ಮೊದಲು ಭಾವನವರನ್ನೂ ನನ್ನನ್ನೂ ಕರೆದುಕೊಂಡು ಹೋದದ್ದು ಒಂಟಿಕೊಪ್ಪಲಿಗೆ. ಮನೆ ಚೆನ್ನಾಗಿತ್ತು. ಭಾವನವರು ಗೋಡೆಗೆ ತಟ್ಟಿದರು, ನಲ್ಲಿ ತಿರುಗಿಸಿ ನೀರು ಮುಕ್ಕಳಿಸಿದರು, ಸಂಪಿನ ಮುಚ್ಚಳ ಎತ್ತಿ ಮೂಸಿದರು. ಬಾಲವೊಂದಿದ್ದಿದ್ದರೆ ಅದನ್ನೂ ಎತ್ತಿ ನೋಡುತ್ತಿದ್ದರು. ಎಲ್ಲ ಒಪ್ಪಿಗೆಯಾದ ಮೇಲೆ ಮನೆಯ ಯಜಮಾನರು ನಯವಾಗಿ, "ನಾನ್‌ವೆಜ್ ಏನಾದ್ರೂ ಮಾಡ್ತೀರಾ?" ಎಂದು ಕೇಳಿದರು.

"ವಾರವಾರ ಮಾಡ್ತೀವಿ ಕಣ್ರೀ. ಒಸಿ ಜಾಸ್ತಿನೇ ಮಾಡುಸ್ತೀನಿ, ನೀವೂ ಬಂದ್ಬುಡಿ" ಎಂದರು ಭಾವನವರು.

ಯಜಮಾನರಿಗೆ ತಟ್ಟನೆ ತಮ್ಮ ಅಳಿಯ ಆ ಮನೆಗೆ ಬರುವವನಿದ್ದಾನೆ ಎಂಬುದು ನೆನಪಾಯಿತು. ಮೈಸೂರು ಈಗ ಬಹಳ ಸುಧಾರಿಸಿದೆ. ಜಾತಿ ಯಾವುದು ಎಂದು ಯಾರೂ ಕೇಳುವುದಿಲ್ಲ, ಊಟ ಏನು ಎಂದಷ್ಟೇ ಕೇಳುತ್ತಾರೆ. ಆ ದಿನ ನನಗೆ ಭಾವನವರ ಮೇಲೆ ನಿಜವಾಗಿಯೂ ಪ್ರೀತಿ ಬಂತು. ಅದು ಮುಂದಿನ ಮನೆಯವರೆಗೂ ಉಳಿಯಲಿಲ್ಲ.

ಯಾದವಗಿರಿಯ ಮನೆಯವರು ಊಟದ ವಿಚಾರ ಕೇಳಲಿಲ್ಲ, ಏನನ್ನೂ ಕೇಳಲಿಲ್ಲ. ಭಾವನವರೇ ತಕರಾರು ತೆಗೆದರು. ಎದುರಿನ ರಸ್ತೆ ನೇರವಾಗಿ ಬಾಗಿಲಿಗೆ ಬಂದು ಬಡಿಯುತ್ತದೆ, ಬೀದಿಕುತ್ತು ಎಂದರು. ಶಂಕರ್ ಪಕ್ಕದ ಬೀದಿಯಲ್ಲಿ ಇನ್ನೊಂದು ತೋರಿಸಿದ. ಅದಕ್ಕೆ ಬೀದಿಕುತ್ತು ಇರಲಿಲ್ಲ, ಆದರೆ ಟ್ರ್ಯಾಕ್ಟರ್ ನಿಲ್ಲಿಸಲು ಜಾಗವಿರಲಿಲ್ಲ.

"ಮೈಸೂರಲ್ಲಿ ಟ್ರ್ಯಾಕ್ಟರ್ ಯಾಕೆ ಸಾರ್?" ಎಂದ ಶಂಕರ್.

"ರಾಗಿ, ಅಕ್ಕಿ, ತೆಂಗಿನ್ಕಾಯಿ ನಿನ್ ಸ್ಕೂಟ್ರಲ್ಲಿ ತಂದ್ಕೊಟ್ಟೀಯಾ?"

ಹೀಗೆ ಮಾತಾಡುತ್ತಿರುವಾಗಲೇ ದೂರದಲ್ಲಿ ರೈಲು ಕೂಗಿತು. ಭಾವನವರು ಹುಬ್ಬು ಗಂಟು ಹಾಕಿ, "ಇದು ಇಂಗೆ ಕೂಗ್ತಿದ್ರೆ ಕೂಸು ಮಲಗೋದೆಂಗೆ?" ಎಂದು ಆ ಬಡಾವಣೆಯನ್ನೇ ತಳ್ಳಿಹಾಕಿದರು. ನನ್ನ ತಾಳ್ಮೆ ಅಲ್ಲಿಗೆ ತೀರಿತು.

"ಬಾವ, ನೀವು ನೋಡ್ತಿರೋದು ಎತ್ತಲ್ಲ, ಮನೆ" ಎಂದೆ.

"ನೀನು ಟಿಕೀಟು ಅರಿಯೋನು, ಟಿಕೀಟು ಅರಿ. ಮನೆ ವಿಚಾರ ನನಗೆ ಬುಡು" ಎಂದರು. ನಾನು ಅವರನ್ನು ಅಲ್ಲೇ ಬಿಟ್ಟು ಹುಣಸೂರಿನ ಬಸ್ಸು ಹತ್ತಿದೆ.

ವಾರ ಕಳೆಯುವುದರೊಳಗೆ ಅವರ ಫೋನು ಬಂತು. "ಮನೆ ಆಯ್ತು ಕಣ್ಲಾ ಭಾಮೈದ. ಅಡ್ವಾನ್ಸೂ ಕೊಟ್ಬುಟ್ಟೆ."

"ಸ್ಟೇಷನ್ನಿಗೆ ಎಷ್ಟು ದೂರ ಬಾವ?"

"ದೂರ ಏನ್ಲಾ, ಗೋಡೆಗೆ ಗೋಡೆ!"

ನನಗೆ ಎಷ್ಟು ಸಂತೋಷವಾಯಿತೆಂದರೆ, ಬೈದುಕೊಂಡದ್ದಕ್ಕೆ ಮನಸ್ಸಿನಲ್ಲೇ ಕೆನ್ನೆ ಬಡಿದುಕೊಂಡೆ. ಮುದುಕ ಹಠಮಾರಿಯಾದರೂ ಹಿಡಿದ ಕೆಲಸ ಮಾಡುತ್ತಾನೆ ಎಂದು ನನ್ನ ಹೆಂಡತಿಯ ಹತ್ತಿರ ಹೊಗಳಿದೆ ಕೂಡ.

ಹಾಲು ಉಕ್ಕಿಸುವ ದಿನ ಹುಣಸೂರಿನಿಂದ ನಾವು ಹೋದೆವು. ಕನಕರಾಜು ಕಳಿಸಿದ ಗುರುತು ಹಿಡಿದು ಹೋದರೆ ಆಟೋ ಊರು ದಾಟಿತು, ರಿಂಗ್ ರಸ್ತೆ ದಾಟಿತು, ಇನ್ನೂ ಹೋಗುತ್ತಲೇ ಇತ್ತು. ಕೊನೆಗೆ ನಿಂತದ್ದು ಅರ್ಧ ಸೈಟುಗಳಲ್ಲಿ ಇನ್ನೂ ಹುಲ್ಲು ಬೆಳೆದಿದ್ದ ಹೊಸ ಬಡಾವಣೆಯಲ್ಲಿ. ಮನೆಯಲ್ಲಿ ಹೆಸರಿಡುವಂಥದ್ದು ಒಂದೂ ಇರಲಿಲ್ಲ. ಪೂರ್ವದ ಬಾಗಿಲು, ಬೋರ್ ನೀರು, ಬೀದಿಕುತ್ತಿಲ್ಲ, ಪಕ್ಕದ ಖಾಲಿ ಸೈಟಿನಲ್ಲಿ ಟ್ರ್ಯಾಕ್ಟರ್ ಆಗಲೇ ನಿಂತಿತ್ತು. ಮನೆಯ ಯಜಮಾನರು ಕುರಿ ವ್ಯಾಪಾರದವರು, ಊಟದ ತಕರಾರೂ ಇಲ್ಲ. ರೈಲು ಕಂಬಿ ಮಾತ್ರ ಎಲ್ಲೂ ಕಾಣಲಿಲ್ಲ.

ಹಾಲು ಉಕ್ಕಿತು. ರಾಧಾ ಲೋಟಕ್ಕೆ ಬಗ್ಗಿಸಿ ಮಾವನಿಗೆ ಕೊಡುತ್ತ ಮೆಲ್ಲಗೆ, "ಸ್ಟೇಷನ್ನು ಯಾವ ಕಡೆ ಮಾವ?" ಎಂದು ಕೇಳಿದಳು.

ಭಾವನವರು ಈ ಪ್ರಶ್ನೆಗೇ ಕಾದಿದ್ದವರ ಹಾಗೆ ಎದ್ದರು. ನಮ್ಮೆಲ್ಲರನ್ನೂ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದರು. ಕಾಂಪೌಂಡಿನ ಆಚೆ, ಹಿಡಿದು ತಂದು ನಿಲ್ಲಿಸಿದ ಮೋಟಾರು ಬೈಕುಗಳು ಸಾಲಾಗಿ ತುಕ್ಕು ಹಿಡಿಯುತ್ತಿದ್ದವು. ಬನಿಯನ್ನಿನಲ್ಲಿದ್ದ ಪೇದೆಯೊಬ್ಬ ಹಲ್ಲುಜ್ಜುತ್ತಿದ್ದವನು ಭಾವನವರನ್ನು ಕಂಡು ಬ್ರಷ್ಷು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ.

"ನೋಡವ್ವ, ಟೇಷನ್ನು. ನಡ್ಕಂಡೋಗದೇನು ಬಂತು, ಇಲ್ಲಿಂದ್ಲೇ ಕೂಗುದ್ರೂ ಬತ್ತಾರೆ. ಇವ್ರೂ ನಮ್ ಕಡೆಯೋರೆ, ಸರಗೂರು ಪಕ್ಕ. ಮನೆ ತೋರ್ಸುದ್ದೂ ಇವ್ರೆ" ಎಂದರು.

ಕನಕರಾಜುವಿಗೆ ನಗು ಬಂತು, ಹೆಂಡತಿಯ ಮುಖ ನೋಡಿ ನುಂಗಿಕೊಂಡ. ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಕೋಟೆ, ಸರಗೂರು, ಹುಣಸೂರು, ಪಿರಿಯಾಪಟ್ಟಣ ಎಲ್ಲಿಗೂ ರೈಲಿಲ್ಲ. ನಮ್ಮ ಕಡೆ ಟೇಷನ್ ಎಂದರೆ ಒಂದೇ. ಗದ್ದೆಯ ಬದು ಒತ್ತುವರಿಯಾದರೆ ಹೋಗುವ ಜಾಗ. 'ಟೇಷನ್ ಮೆಟ್ಲು ಅತ್ತಿದ ವಂಶ ಅಲ್ಲ ನಮ್ದು' ಎಂದು ಎದೆ ತಟ್ಟಿಕೊಳ್ಳುವ ಜಾಗ. ಸೊಸೆ ಆ ಜಾಗದ ಪಕ್ಕವೇ ಇರಬೇಕು ಎಂದಾಗ ಭಾವನವರಿಗೆ ಮೊದಲು ಗಾಬರಿಯಾಗಿತ್ತಂತೆ. ಆಮೇಲೆ, ಊರು ಹೊಸದು, ಗಂಡ ಪಾಳಿಗೆ ಹೋಗುತ್ತಾನೆ, ಹೆಣ್ಣುಮಗಳಿಗೆ ಕಳ್ಳಕಾಕರ ಭಯ ಎಂದು ತಾವೇ ಸಮಾಧಾನ ಮಾಡಿಕೊಂಡಿದ್ದರು. ಶಂಕರನೂ ನಾನೂ ಸೇರಿ ಸುಮ್ಮನೆ ರೈಲಿನ ಸುತ್ತ ಅಲೆಸುತ್ತಿದ್ದೇವೆ ಎಂದುಕೊಂಡು, ಸೀದಾ ಪೊಲೀಸ್ ಠಾಣೆಗೇ ಹೋಗಿ ಮನೆ ಕೇಳಿದ್ದರು.

"ಅವಳು ಹೇಳಿದ್ದು ರೈಲ್ವೆ ಸ್ಟೇಷನ್ನು ಬಾವ!" ಎಂದು ಕೂಗಿದೆ.

"ಬಸ್ಸಿಗೆ ಬಸ್ಟಾಂಡು, ರೈಲಿಗೆ ರೈಲ್ವೆ, ಪೋಲೀಸ್ನೋರಿಗೆ ಟೇಷನ್ನು. ಮೂರ್ಕೂ ಬೇರೆ ಬೇರೆ ಎಸ್ರು ಮಡುಗವ್ರೆ. ಓದಿರೋ ಮಗ, ಸರ್ಯಾಗಿ ಯೋಳ್ಬೇಕಾಗಿತ್ತು" ಎಂದರು ಭಾವನವರು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೀಸೆಗೆ ಅಂಟಿದ್ದ ಹಾಲನ್ನು ಟವೆಲಿನಲ್ಲಿ ಒರೆಸಿಕೊಂಡು, ಮನೆ ಬದಲಾಯಿಸುವ ಮಾತು ಮುಗಿಯಿತೆಂಬಂತೆ ಟ್ರ್ಯಾಕ್ಟರಿನಿಂದ ರಾಗಿ ಮೂಟೆ ಇಳಿಸಲು ಹೋದರು.

ಅಲ್ಲಿಂದ ನನ್ನ ಮಗಳ ಪಾಡು ಶುರುವಾಯಿತು. ಆ ಬಡಾವಣೆಯಿಂದ ರೈಲಿಗೆ ಹೋಗಲು ದಿನಾ ಆಟೋ ಮಾಡಿದರೆ ಸಂಬಳ ಉಳಿಯುವುದಿಲ್ಲ, ಸಿಟಿ ಬಸ್ಸು ಹಿಡಿಯಬೇಕು. ಯಾವ ಬಸ್ಸನ್ನು ತಪ್ಪಿಸಲು ರೈಲು ಬೇಕಾಗಿತ್ತೋ ಅದೇ ಬಸ್ಸು. ಕನಕರಾಜುವಿನ ಪಾಳಿ ಹೊಂದಿದ ವಾರ ಬೈಕಿನಲ್ಲಿ ಬಿಡುತ್ತಿದ್ದ. ಹೊಂದದ ವಾರ ಅವಳು ಸಿಟಿ ಬಸ್ಸಿನಲ್ಲಿ ಕರವಸ್ತ್ರ ಬಾಯಿಗೆ ಒತ್ತಿಕೊಂಡು ಹೋಗಿ, ಎಷ್ಟೋ ಸಲ ಅರ್ಧದಲ್ಲೇ ಇಳಿದು ರಸ್ತೆ ಬದಿ ಕೂತು, ರೈಲು ತಪ್ಪಿಸಿಕೊಂಡು, ಮುಂದಿನದನ್ನು ಕಾದು, ಮೊದಲ ಪಿರಿಯಡ್ಡು ಮುಗಿಯುವ ಹೊತ್ತಿಗೆ ಶಾಲೆ ಸೇರುತ್ತಿದ್ದಳು. ಹೆಡ್‌ಮಾಸ್ಟರು ಒಳ್ಳೆಯವರೇ. ಎರಡು ಮೂರು ಸಲ ಕಂಡೂ ಕಾಣದಂತಿದ್ದರು. ಆಮೇಲೆ ಕರೆದು, "ಪ್ರೊಬೇಷನ್ನಲ್ಲಿ ಇದ್ದೀರಮ್ಮ. ಹೀಗೇ ಆದ್ರೆ ನಾನು ಮೇಲಕ್ಕೆ ಬರೀಲೇಬೇಕಾಗುತ್ತೆ" ಎಂದರು. ಅವಳು ಸೊರಗಿ ಹೋಗಿದ್ದಳು.

ಒಂದು ಭಾನುವಾರ ಭಾವನವರು ಊರಿನಿಂದ ಮಾಂಸ ಹಿಡಿದುಕೊಂಡು ಬಂದರು. ನಾನೂ ಹೋಗಿದ್ದೆ. ಮನೆ ಬದಲಾಯಿಸದೆ ಬೇರೆ ದಾರಿಯಿಲ್ಲ ಎಂದೆ. ಭಾವನವರು ಸುತ್ತಲೂ ಗೋಡೆಗಳನ್ನು ನೋಡಿದರು, ಪೂರ್ವದ ಬಾಗಿಲನ್ನು ನೋಡಿದರು. ಅವರ ಕಣ್ಣಿನಲ್ಲಿ ಒಳ್ಳೆ ಜೋಡಿ ಎತ್ತನ್ನು ಮಾರು ಎಂದವರನ್ನು ನೋಡುವ ಸಂಕಟವಿತ್ತು.

"ಇಂತಾ ಮನೆ ಇನ್ನೊಂದು ಸಿಕ್ತದೇನ್ಲಾ? ಊರ್ಗೆಲ್ಲಾ ಯೋಳಿವ್ನಿ. ಅಷ್ಟು ಕಷ್ಟ ಆಗೋದಾದ್ರೆ ಕೆಲ್ಸನೇ ಬುಟ್ಬುಡ್ಲಿ. ನಮಗೇನು ಉಣ್ಣಕ್ಕಿಲ್ವಾ?" ಎಂದರು.

ಮೂಗಿಗಿಂತ ಮೂಗುತಿ ಭಾರ ಎನ್ನುವುದನ್ನು ಕೇಳಿದ್ದೆ. ಮೂಗುತಿಗಾಗಿ ಮೂಗನ್ನೇ ಕುಯ್ಯಿ ಎನ್ನುವವರನ್ನು ಕಂಡಿದ್ದು ಅವತ್ತೇ. ಕೆಲಸಕ್ಕಾಗಿ ಮನೆ ಮಾಡಿದ್ದು, ಈಗ ಮನೆಗಾಗಿ ಕೆಲಸ ಬಿಡಬೇಕಂತೆ. ಒಲೆಯ ಮುಂದಿದ್ದ ರಾಧಾ ತಿರುಗಿಯೂ ನೋಡಲಿಲ್ಲ. ಈರುಳ್ಳಿ ಹೆಚ್ಚುತ್ತಿದ್ದ ಅಕ್ಕನ ಕೈ ಮಾತ್ರ ನಿಂತಿತು. ಬೀಗತನವನ್ನು ಮರೆತು ನಾನು ಬಾಯಿಗೆ ಬಂದಂತೆ ಬೈದೆ. ಭಾವನವರು ಸ್ವಲ್ಪ ಬಗ್ಗಿದರು.

"ಆಯ್ತು ಬುಡ್ಲಾ. ನಾಳೆ ನಾನೇ ಬಂದು ಎಡ್‌ಮಾಸ್ಟ್ರುನ್ನ ಮಾತಾಡುಸ್ತೀನಿ. ಒಂದರ್ಧ ಗಂಟೆ ಆಚೀಚೆ. ಮನುಷ್ಯ ಅಂದ್ಮೇಲೆ ಅಡ್ಜಸ್ಟ್ ಮಾಡ್ಕಳದಿದ್ರೆ ಎಂಗೆ?"

ಹೀಗೆ ಸೋಮವಾರ ಬೆಳಿಗ್ಗೆ ಭಾವನವರು ಇಸ್ತ್ರಿ ಪಂಚೆ, ಬಿಳಿ ಶರಟು ಹಾಕಿ ಮೊದಲ ಸಲ ರೈಲು ಹತ್ತಲು ಹೊರಟರು. ಆಟೋ ಮಾಡಿಕೊಂಡು ನಾವು ಮೂವರೂ ಸರಿಯಾದ ಹೊತ್ತಿಗೇ ತಲುಪಿದೆವು. ರೈಲು ಬಂದು ನಿಂತಿತ್ತು. ಹಿರಿಯರು ಹತ್ತದೆ ಸೊಸೆ ಹತ್ತುವ ಹಾಗಿಲ್ಲ, ರಾಧಾ ಬಾಗಿಲ ಪಕ್ಕದ ಕಂಬಿ ಹಿಡಿದು ಕೆಳಗೇ ನಿಂತಳು. ಭಾವನವರಿಗೆ ಟೀ ಬೇಕಾಯಿತು. ಅವರ ಊರಿನ ಪ್ರೈವೇಟ್ ಬಸ್ಸು ಅವರ ಮನೆ ಮುಂದೆ ಹಾರನ್ ಹೊಡೆದು, ಅವರು ಮುಖ ತೊಳೆದು ಪಂಚೆ ಉಟ್ಟು ಬರುವವರೆಗೂ ಕಾಯುತ್ತದೆ. ಕೊನೆಯ ಡಬ್ಬಿಯ ಹತ್ತಿರ ನಿಂತಿದ್ದ ಗಾರ್ಡಿಗೆ ಅವರು ಟೀ ಅಂಗಡಿಯಿಂದಲೇ ಕೈಯೆತ್ತಿ, "ಒಂಚೂರು ನಿಲ್ಸಿ ಸಾ, ಬಂದ್ಬುಟ್ಟೆ" ಎಂದರು.

ಗಾರ್ಡು ಹಸಿರು ಬಾವುಟ ಎತ್ತಿ ಆಡಿಸಿದ. ಭಾವನವರು ಅದನ್ನು ಒಪ್ಪಿಗೆ ಎಂದು ತಿಳಿದು, ತಲೆದೂಗಿ, ಟೀ ಊದಿಕೊಳ್ಳತೊಡಗಿದರು.

ರೈಲು ಅಲುಗಿತು. ರಾಧಾ ಮಾವನನ್ನು ನೋಡಿದಳು. ಅವರನ್ನು ಎಳೆದು ತರಲು ಅರ್ಧ ದಾರಿ ಓಡಿದ್ದ ನನ್ನನ್ನು ನೋಡಿದಳು. ಆಮೇಲೆ ಕಂಬಿಯನ್ನು ಬಿಗಿಯಾಗಿ ಹಿಡಿದು ಹತ್ತಿಬಿಟ್ಟಳು. "ನಿಧಾನಕ್ಕೆ ಕುಡೀರಿ ಮಾವ" ಎಂದದ್ದು ನಮಗೆ ಕೇಳಿಸಿತು. ಅಷ್ಟರಲ್ಲಿ ಅವಳಿದ್ದ ಡಬ್ಬಿ ಪ್ಲಾಟ್‌ಫಾರಂ ದಾಟಿತ್ತು.

"ಲೇ, ನಮ್ಮುನ್ನ ಬುಟ್ಟು ಒಂಟೋಯ್ತಲ್ಲೋ!" ಎಂದರು ಭಾವನವರು. ರೈಲನ್ನು ಅಂದರೋ ಸೊಸೆಯನ್ನು ಅಂದರೋ ನನಗೆ ತಿಳಿಯಲಿಲ್ಲ. ಟೀ ಮಾತ್ರ ಚೆನ್ನಾಗಿತ್ತು.

ಸಂಜೆ ಅವಳು ಎಂದಿಗಿಂತ ತಡವಾಗಿ ಬಂದಳು. ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಪೂಜಾಳನ್ನು ಎತ್ತಿಕೊಂಡು ಬಂದು ನಡುಮನೆಯಲ್ಲಿ ನಮ್ಮೆದುರಿಗೇ ಕೂತಳು. ಅಡುಗೆಮನೆಯ ಬಾಗಿಲಿಗೆ ಹೋಗಲಿಲ್ಲ.

"ಮನೆ ನೋಡ್ಕೊಂಡು ಬಂದೆ. ರೈಲ್ವೆ ಸ್ಟೇಷನ್ ಹಿಂದಿನ ಗಲ್ಲೀಲಿ. ದಿನಾ ರೈಲಿಂದ 'ಮನೆ ಬಾಡಿಗೆಗಿದೆ' ಅನ್ನೋ ಬೋರ್ಡು ಕಾಣ್ಸೋದು. ಎರಡೇ ರೂಮು. ಬಾಗ್ಲು ದಕ್ಷಿಣಕ್ಕಿದೆ ಅಂತ ಯಾರೂ ಬಂದಿಲ್ವಂತೆ. ಗುರುವಾರ ಬರ್ತೀವಿ ಅಂತ ಹೇಳಿದೀನಿ" ಎಂದಳು.

ಕನಕರಾಜು ನೆಲ ನೋಡಿದ. ಭಾವನವರು ಕೂತಲ್ಲಿಂದ ಎದ್ದರು. ದನಿಯೂ ಏರಿತು. "ಯಾರ್ನ ಕೇಳಿ ಒಪ್ಕಂಡು ಬಂದೆ ನೀನು?"

"ನನ್ನೇ ಕೇಳ್ಕೊಂಡೆ ಮಾವ. ಇಲ್ಲೀವರೆಗೂ ಯಾರೂ ಕೇಳಿರ್ಲಿಲ್ವಲ್ಲ."

ಮಾವ ಎಂದಳೇ ಹೊರತು ಹಾಗೆನ್ನುವಾಗ ಅವಳು ನೋಡಿದ್ದು ನನ್ನ ಕಡೆಗೆ. ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದ, ಭಾವನವರನ್ನು ಹಂಗಿಸುವ ಒಳ್ಳೆಯ ಮಾತೊಂದು ಅಲ್ಲೇ ಒಣಗಿತು.

"ನೀರು ಬತ್ತದೇನವ್ವ ಅಲ್ಲಿ?" ಎಂದು ಕೇಳಿದಳು ಅಕ್ಕ.

"ಬರ್ತದೆ ಅತ್ತೆ. ನಿಮ್ಗೆ ಒಪ್ಪಿಗೆನಾ?"

ಆ ಮಾತಿಗೆ ಅಕ್ಕ ತಲೆಯೆತ್ತಿ ಸೊಸೆಯ ಮುಖವನ್ನು ನೋಡುತ್ತಲೇ ಇದ್ದಳು. ನಾನು ಹುಟ್ಟಿದಾಗಿನಿಂದ ಅಕ್ಕನನ್ನು ಬಲ್ಲೆ. ಅವಳನ್ನು ಯಾರಾದರೂ ಹಾಗೆ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡು, ಗಂಡನ ಕಡೆ ತಿರುಗದೆ, ಅಟ್ಟದ ಮೇಲಿದ್ದ ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಲು ಶುರುಮಾಡಿದಳು.